ವಾಹನಕ್ಕೆ ವಿಮೆಯಿಲ್ಲವೆಂಬ ಆಪಾದನೆ: ನಾಗರಿಕರು ತಿಳಿದಿರಬೇಕಾದ ವಿಷಯಗಳು

ಮುಂಬಯಿಯ ಅಂಧೇರಿಯಲ್ಲಿ ಸಣ್ಣದೊಂದು ಉಪಾಹಾರ ಗೃಹವನ್ನು ನಡೆಸುವ ಕನ್ನಡಿಗರೊಬ್ಬರನ್ನು ಊಹಿಸಿಕೊಳ್ಳೋಣ. ಅವರು ತಮ್ಮ ಸ್ಕೂಟರಿನಲ್ಲಿ ದಾದರ್‌ನ ತರಕಾರಿ ಮಾರುಕಟ್ಟೆಗೆ ಹೋಗುವಾಗ ಸಂಚಾರ ಪೊಲೀಸರು ತಡೆದು ದಾಖಲೆಗಳನ್ನು ಕೇಳುತ್ತಾರೆ. ಇವರ ಬಳಿ ವಿಮಾ ಪಾಲಿಸಿ ಇದೆ; ಅದರ ಅವಧಿಯೂ ಮುಗಿದಿಲ್ಲ. ಆದರೆ ಪೊಲೀಸರ ಯಂತ್ರದಲ್ಲಿ ವಾಹನಕ್ಕೆ ವಿಮೆಯಿಲ್ಲವೆಂದು ಕಾಣುತ್ತದೆ. ವಿಮಾ ಕಂಪನಿಯನ್ನು ವಿಚಾರಿಸಿದಾಗ, ಕಂತಿನ ಚೆಕ್ಕು ನಗದಾಗದ ಕಾರಣ ಪಾಲಿಸಿಯನ್ನು ರದ್ದುಪಡಿಸಲಾಗಿದೆ ಎಂಬ ಉತ್ತರ ಬರುತ್ತದೆ. ರದ್ದತಿಯ ಪತ್ರವಾವುದೂ ಇವರ ಕೈ ಸೇರಿಲ್ಲ. ಇಂತಹ ಸಂದರ್ಭದಲ್ಲಿ ನಾಗರಿಕನ ಸ್ಥಾನವೇನು? ಆತನು ಏನು ಮಾಡಬೇಕು?

ವಿಮೆ ಏಕೆ ಕಡ್ಡಾಯ?

ಭಾರತದಲ್ಲಿ ಮೋಟಾರು ವಾಹನಗಳಿಗೆ ಮೂರನೆಯ ವ್ಯಕ್ತಿಯ ವಿಮೆಯು 1946ರ ಜುಲೈ 1ರಿಂದ ಕಡ್ಡಾಯವಾಗಿದೆ. ಇದರ ಉದ್ದೇಶ ವಾಹನದ ಮಾಲೀಕನ ರಕ್ಷಣೆ ಮಾತ್ರವಲ್ಲ. ವಾಹನದಿಂದ ಗಾಯಗೊಂಡ ದಾರಿಹೋಕನಿಗೆ, ಮೃತನಾದವನ ಕುಟುಂಬಕ್ಕೆ, ಮಾಲೀಕನು ಬಡವನಾಗಿದ್ದರೂ ಪರಿಹಾರ ದೊರೆಯಬೇಕೆಂಬುದೇ ಇದರ ಮುಖ್ಯ ಆಶಯ. ಈ ಕಾರಣದಿಂದಲೇ ವಿಮೆಯಿಲ್ಲದೆ ವಾಹನ ಓಡಿಸುವುದನ್ನು ಕಾಯಿದೆಯು ಅಪರಾಧವೆಂದು ಪರಿಗಣಿಸುತ್ತದೆ.

ಆಪಾದನೆಯ ಸ್ವರೂಪ

ಈಗ ಜಾರಿಯಲ್ಲಿರುವ 1988ರ ಮೋಟಾರು ವಾಹನಗಳ ಕಾಯಿದೆಯ 146ನೆಯ ಕಲಮಿನಂತೆ, ವಿಮಾ ಪಾಲಿಸಿ ಜಾರಿಯಲ್ಲಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಯಾರೂ ಉಪಯೋಗಿಸಬಾರದು. ಬೇರೆಯವರಿಗೆ ಉಪಯೋಗಿಸಲು ಬಿಡಲೂ ಬಾರದು. ಉಲ್ಲಂಘನೆಗೆ ಶಿಕ್ಷೆಯನ್ನು 196ನೆಯ ಕಲಮು ವಿಧಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಕಾರಾವಾಸ ಅಥವಾ 2,000 ರೂಪಾಯಿ ದಂಡ ಅಥವಾ ಎರಡೂ, ಪುನಃ ಮಾಡಿದ ಅಪರಾಧಕ್ಕೆ ದಂಡ 4,000 ರೂಪಾಯಿ ಎಂದು ನಿಗದಿಯಾಗಿದೆ.

ಇಲ್ಲಿ ಮುಖ್ಯವಾದ ಪ್ರಶ್ನೆ ಒಂದೇ: ವಾಹನವನ್ನು ತಡೆದ ಆ ದಿನ, ಆ ಗಳಿಗೆಯಲ್ಲಿ ಪಾಲಿಸಿ ಜಾರಿಯಲ್ಲಿತ್ತೆ, ಇಲ್ಲವೆ? ಕಂಪನಿಯೊಡನೆ ಇರುವ ಇತರ ತಕರಾರುಗಳೆಲ್ಲ ಈ ಪ್ರಶ್ನೆಯ ಮುಂದೆ ಗೌಣ.

ಕಾಗದವಿಲ್ಲದಿರುವುದು ಬೇರೆ, ವಿಮೆಯಿಲ್ಲದಿರುವುದು ಬೇರೆ

ಪ್ರಮಾಣಪತ್ರವನ್ನು ಮನೆಯಲ್ಲಿ ಮರೆತು ಬಂದವನು ವಿಮೆಯಿಲ್ಲದವನಾಗುವುದಿಲ್ಲ. 158ನೆಯ ಕಲಮಿನ ಪ್ರಕಾರ, ಕೇಳಿದ ದಿನದಿಂದ ಏಳು ದಿನಗಳೊಳಗೆ, ತಾನು ಪೊಲೀಸ್ ಅಧಿಕಾರಿಗೆ ತಿಳಿಸಿದ ಠಾಣೆಯಲ್ಲಿ ಪ್ರಮಾಣಪತ್ರವನ್ನು ಹಾಜರುಪಡಿಸಿದರೆ, ಅದನ್ನು ತೋರಿಸಲಿಲ್ಲವೆಂಬ ಕಾರಣಕ್ಕೆ ಆತನನ್ನು ಶಿಕ್ಷಿಸುವಂತಿಲ್ಲ. ಆದರೆ ಟ್ಯಾಕ್ಸಿ, ಆಟೋರಿಕ್ಷಾ, ಲಾರಿ ಮೊದಲಾದ ಸಾರಿಗೆ ವಾಹನಗಳ ಚಾಲಕರಿಗೆ ಈ ರಿಯಾಯಿತಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. 2018ರಿಂದ ಡಿಜಿಲಾಕರ್ ಮತ್ತು ಎಂಪರಿವಹನ್ ಮೂಲಕ ತೋರಿಸುವ ದಾಖಲೆಗಳಿಗೂ ಮಾನ್ಯತೆಯಿದೆ.

ವಿವಾದ ಹುಟ್ಟುವ ಸಂದರ್ಭಗಳು

ಮೊದಲನೆಯದು, ಹಳೆಯ ವಾಹನದ ಖರೀದಿ. ಪಾಲಿಸಿಯು ಹಿಂದಿನ ಮಾಲೀಕನ ಹೆಸರಿನಲ್ಲಿದ್ದ ಮಾತ್ರಕ್ಕೆ ಅದು ನಿರರ್ಥಕವಾಗದು. ವಾಹನದೊಡನೆ ಪಾಲಿಸಿಯೂ ಹೊಸ ಮಾಲೀಕನಿಗೆ ವರ್ಗವಾಯಿತೆಂದು ಭಾವಿಸತಕ್ಕದ್ದೆಂದು 157ನೆಯ ಕಲಮು ಹೇಳುತ್ತದೆ. ಖರೀದಿಸಿದವನು 14 ದಿನಗಳೊಳಗೆ ಹೆಸರಿನ ಬದಲಾವಣೆಗಾಗಿ ಕಂಪನಿಗೆ ಅರ್ಜಿ ಸಲ್ಲಿಸಬೇಕು.

ಎರಡನೆಯದು, ಎರಡು ಭಾಗಗಳ ಪಾಲಿಸಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರು ವರ್ಷ, ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆಯನ್ನು ಒಮ್ಮೆಗೇ ಮಾಡಿಸಬೇಕಾಗಿದೆ. ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಭಾಗವು ಇದಕ್ಕೆ ಮೊದಲೇ ಮುಗಿದಿರಬಹುದು. ಅದು ಮುಗಿದಿದ್ದರೂ ಮೂರನೆಯ ವ್ಯಕ್ತಿಯ ವಿಮೆ ಜಾರಿಯಲ್ಲಿದ್ದರೆ 196ನೆಯ ಕಲಮಿನ ಅಪರಾಧವಾಗುವುದಿಲ್ಲ.

ಮೂರನೆಯದು, ಗಂಟೆಯ ಪ್ರಶ್ನೆ. ಪಾಲಿಸಿಯಲ್ಲಿ ಆರಂಭದ ವೇಳೆಯನ್ನು ನಮೂದಿಸಿದ್ದರೆ ಅದು ಆ ಗಂಟೆಯಿಂದ ಮಾತ್ರ ಜಾರಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಬೆಳಿಗ್ಗೆ ತಡೆಯಲ್ಪಟ್ಟವನು ಮಧ್ಯಾಹ್ನ ಪಾಲಿಸಿ ಪಡೆದರೆ ಅದು ಬೆಳಗಿನ ತಪ್ಪನ್ನು ಮುಚ್ಚಲಾರದು.

ನಾಲ್ಕನೆಯದು, ಮತ್ತು ಅತ್ಯಂತ ಜಟಿಲವಾದುದು, ನಗದಾಗದ ಚೆಕ್ಕು. ಈ ವಿಷಯದಲ್ಲಿ ಕರ್ನಾಟಕದಿಂದಲೇ ಹೋದ ಎರಡು ಮೊಕದ್ದಮೆಗಳ ತೀರ್ಪುಗಳನ್ನು ಹೋಲಿಸಿ ನೋಡುವುದು ಬೋಧಪ್ರದವಾಗಿದೆ. ಮೊದಲನೆಯದರಲ್ಲಿ ಪಾಲಿಸಿ 1997ರ ಅಕ್ಟೋಬರ್‌ನಲ್ಲಿ ಆರಂಭವಾಗಿತ್ತು. ಚೆಕ್ಕು ಹಿಂದಿರುಗಿದ ಮೇಲೆ ಕಂಪನಿಯು ನವೆಂಬರ್‌ನಲ್ಲಿ ಪಾಲಿಸಿಯನ್ನು ರದ್ದುಪಡಿಸಿ, ಮಾಲೀಕನಿಗೂ ಸಾರಿಗೆ ಕಚೇರಿಗೂ ತಿಳಿಸಿತು. ಅಪಘಾತವು 1998ರ ಫೆಬ್ರವರಿಯಲ್ಲಿ ಸಂಭವಿಸಿತು. ಅಂದು ವಿಮೆ ಇರಲಿಲ್ಲವೆಂದು 2007ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದರೂ ನೊಂದ ಕುಟುಂಬಕ್ಕೆ ಕಂಪನಿಯೇ ಹಣ ಕೊಟ್ಟು, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸಿತು.

ಎರಡನೆಯ ಮೊಕದ್ದಮೆಯಲ್ಲಿ ಚೆಕ್ಕನ್ನು 2004ರ ಏಪ್ರಿಲ್ 14ರಂದು ಕೊಡಲಾಗಿತ್ತು. ಅಪಘಾತ ನಡೆದದ್ದು ಮೇ 11ರಂದು. ರದ್ದತಿಯ ಪತ್ರದ ದಿನಾಂಕ ಮೇ 13. ಅದು ಮಾಲೀಕನಿಗೆ ತಲುಪಿದ್ದು ಮೇ 21ರಂದು. ರದ್ದತಿಯ ಸೂಚನೆ ತಲುಪುವ ಮೊದಲೇ ಅಪಘಾತ ಸಂಭವಿಸಿದ್ದರಿಂದ ಮೂರನೆಯ ವ್ಯಕ್ತಿಗೆ ಪರಿಹಾರ ನೀಡುವ ಹೊಣೆಯಿಂದ ಕಂಪನಿ ತಪ್ಪಿಸಿಕೊಳ್ಳುವಂತಿಲ್ಲವೆಂದು 2012ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಿತು.

ಇವೆರಡೂ ಪರಿಹಾರಕ್ಕೆ ಸಂಬಂಧಿಸಿದ ತೀರ್ಪುಗಳೇ ಹೊರತು ದಂಡನೆಗೆ ಸಂಬಂಧಿಸಿದವಲ್ಲ. ಆದರೂ ಪಾಲಿಸಿಯು ಎಂದಿನವರೆಗೆ ಜಾರಿಯಲ್ಲಿತ್ತೆಂದು ವಾದಿಸುವಾಗ ರದ್ದತಿಯ ಸೂಚನೆ ತಲುಪಿದ ದಿನಾಂಕಕ್ಕೆ ಎಷ್ಟು ಮಹತ್ವವಿದೆಯೆಂಬುದು ಇವುಗಳಿಂದ ತಿಳಿಯುತ್ತದೆ.

ಸಂಬಳದ ಚಾಲಕನಿಗೆ ರಕ್ಷಣೆ

ಬೇರೆಯವರ ವಾಹನವನ್ನು ಕೇವಲ ಸಂಬಳಕ್ಕಾಗಿ ಓಡಿಸುವವನಿಗೆ 146ನೆಯ ಕಲಮಿನ ವಿವರಣೆಯು ರಕ್ಷಣೆ ನೀಡುತ್ತದೆ. ವಿಮೆಯಿಲ್ಲವೆಂಬುದು ಆತನಿಗೆ ಗೊತ್ತಿದ್ದಾಗ ಅಥವಾ ಹಾಗೆ ನಂಬಲು ಕಾರಣವಿದ್ದಾಗ ಮಾತ್ರ ಆತನು ಅಪರಾಧಿಯಾಗುತ್ತಾನೆ. ಮಾಲೀಕನಿಗೆ ಈ ರಕ್ಷಣೆಯಿಲ್ಲ.

ಮುಂಬಯಿಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಚಲನ್ ಬಂದೊಡನೆ ದಂಡ ಕಟ್ಟಿ ಮುಗಿಸುವ ಆತುರ ಬೇಡ. ದಂಡ ಕಟ್ಟುವುದೆಂದರೆ ಆಪಾದನೆಯನ್ನು ರಾಜಿಯಿಂದ ಮುಗಿಸಿಕೊಂಡಂತೆ. ತಪ್ಪು ನಿಜವಾಗಿದ್ದರೆ ಅದು ಸುಲಭದ ದಾರಿ. ಪಾಲಿಸಿ ಜಾರಿಯಲ್ಲಿತ್ತೆಂಬ ನಂಬಿಕೆಯಿದ್ದರೆ ಮೊದಲು ದಾಖಲೆಗಳನ್ನು ಪರಿಶೀಲಿಸಬೇಕು.

2. ಪಾಲಿಸಿ, ಕಂತಿನ ರಶೀದಿ, ಬ್ಯಾಂಕಿನ ಲೆಕ್ಕದ ವಿವರ, ಕಂಪನಿಯಿಂದ ಬಂದ ಪತ್ರಗಳು ಮತ್ತು ಅಂಚೆ ಲಕೋಟೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಬೇಕು. ಏಜೆಂಟನಿಗೆ ನಗದು ಕೊಟ್ಟಿದ್ದರೆ ಆತನು ಕೊಟ್ಟ ಚೀಟಿಯೂ ಇರಲಿ.

3. ಆಪಾದನೆಯ ದಿನದಂದು ಪಾಲಿಸಿ ಜಾರಿಯಲ್ಲಿತ್ತೆ, ರದ್ದಾಗಿದ್ದರೆ ಎಂದು ಮತ್ತು ಯಾವ ರೀತಿಯಲ್ಲಿ ತಿಳಿಸಲಾಯಿತು ಎಂಬುದನ್ನು ಕಂಪನಿಯಿಂದ ಲಿಖಿತವಾಗಿ ಕೇಳಬೇಕು. ಬಾಯಿಮಾತಿನ ಉತ್ತರಕ್ಕೆ ಬೆಲೆಯಿಲ್ಲ.

4. ಪಾಲಿಸಿ ಸರಿಯಾಗಿದ್ದು ಸರಕಾರದ ದಾಖಲೆಯಲ್ಲಿ ಮಾತ್ರ ಕಾಣದಿದ್ದರೆ, ಅದನ್ನು ಸರಿಪಡಿಸುವಂತೆ ಕಂಪನಿಗೆ ಬರೆಯಬೇಕು; ವಾಹನ ನೋಂದಣಿಯಾದ ತಾಡದೇವ್, ವಡಾಲಾ, ಅಂಧೇರಿ ಅಥವಾ ಬೋರಿವಲಿಯ ಸಾರಿಗೆ ಕಚೇರಿಗೂ ತಿಳಿಸಬೇಕು.

5. ಸಮನ್ಸ್ ಬಂದರೆ ಕಡೆಗಣಿಸಬಾರದು. ಮುಂಬಯಿಯಲ್ಲಿ ದಂಡಾಧಿಕಾರಿಗಳ ನ್ಯಾಯಾಲಯಗಳು ಅಂಧೇರಿ, ಬಾಂದ್ರಾ, ಕುರ್ಲಾ, ದಾದರ್, ಮುಲುಂಡ್ ಮೊದಲಾದ ಹಲವೆಡೆ ಇವೆ. ಯಾವ ನ್ಯಾಯಾಲಯಕ್ಕೆ ಕರೆದಿದ್ದಾರೆಂಬುದನ್ನು ಓದಿಕೊಳ್ಳಬೇಕು. ಸಾಕ್ಷ್ಯ ನುಡಿದ ಭಾಷೆ ಆಪಾದಿತನಿಗೆ ತಿಳಿಯದಿದ್ದರೆ, ಅದನ್ನು ಆತನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ಕಾನೂನು. ಕೇಳಲು ಸಂಕೋಚಪಡಬೇಕಾಗಿಲ್ಲ.

6. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ದೂರವಾಣಿ ಸಂಖ್ಯೆ 15100.

7. ಕಂಪನಿಯ ಮೇಲಿನ ದೂರು ಪ್ರತ್ಯೇಕ ವಿಷಯ. ಮೊದಲು ಕಂಪನಿಗೇ ಬರೆದು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಸಾಂತಾಕ್ರೂಜ್‌ನಲ್ಲಿರುವ ವಿಮಾ ಓಂಬುಡ್ಸ್‌ಮನ್‌ರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಆದರೆ ಓಂಬುಡ್ಸ್‌ಮನ್‌ರು ದಂಡದ ಮೊಕದ್ದಮೆಯನ್ನು ನಿಲ್ಲಿಸಲಾರರು.

8. ವಿವಾದ ತೀರುವವರೆಗೆ ವಾಹನವನ್ನು ರಸ್ತೆಗಿಳಿಸಬಾರದು. ಇಲ್ಲವೆ ಹೊಸ ಪಾಲಿಸಿಯನ್ನು ಪಡೆದುಕೊಳ್ಳಬೇಕು. ಪಾಲಿಸಿ ರದ್ದಾಗಿದೆಯೆಂದು ತಿಳಿದ ಮೇಲೂ ಓಡಿಸಿದವನಿಗೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಉಳಿಯುವುದಿಲ್ಲ.

ಅಂಧೇರಿಯ ನಮ್ಮ ಉಪಾಹಾರ ಗೃಹದವರ ಭವಿಷ್ಯವು ಈಗ ಒಂದು ಪತ್ರದ ಮೇಲೆ ನಿಂತಿದೆ. ರದ್ದತಿಯ ಸೂಚನೆಯನ್ನು ಮೊದಲೇ ತಲುಪಿಸಿದ್ದೆವೆಂದು ಕಂಪನಿಯು ತೋರಿಸಬಲ್ಲುದಾದರೆ ಅವರು ದಂಡ ತೆರಬೇಕಾದೀತು. ತೋರಿಸಲಾಗದಿದ್ದರೆ, ಅಂದಿನವರೆಗೆ ಪಾಲಿಸಿ ಜೀವಂತವಾಗಿತ್ತೆಂದು ನ್ಯಾಯಾಲಯದ ಮುಂದೆ ಹೇಳಲು ಅವರಿಗೆ ಬಲವಾದ ಆಧಾರವಿದೆ. ಆದುದರಿಂದ ಪ್ರತಿಯೊಬ್ಬ ವಾಹನ ಮಾಲೀಕನೂ ಕಂತು ಕಟ್ಟಿದ ವಾರದಲ್ಲೇ ಹಣ ತನ್ನ ಖಾತೆಯಿಂದ ಸಂದಾಯವಾಗಿದೆಯೆ, ಸರಕಾರದ ದಾಖಲೆಯಲ್ಲಿ ಪಾಲಿಸಿ ಕಾಣುತ್ತಿದೆಯೆ ಎಂದು ನೋಡಿಕೊಳ್ಳುವುದು ಒಳಿತು. ಅದು ತನ್ನ ಹಿತಕ್ಕೆ ಮಾತ್ರವಲ್ಲ. ಅದೇ ರಸ್ತೆಯಲ್ಲಿ ನಡೆದು ಹೋಗುವ ಅಪರಿಚಿತನ ಕುಟುಂಬದ ಹಿತಕ್ಕೂ ಆಗಿದೆ.