ಕೃಷಿ ಹೊಂಡದ ಮೀನಿಗೆ ತಕ್ಕ ಆಹಾರದ ಆಯ್ಕೆ

ಕೃಷಿ ಹೊಂಡದಲ್ಲಿ ಮೀನುಮರಿ ಬಿಟ್ಟ ರೈತರು ಸಾಮಾನ್ಯವಾಗಿ ಮೊದಲು ಕೇಳುವುದು ‘ದಿನಕ್ಕೆ ಎಷ್ಟು ಹಿಂಡಿ ಹಾಕಬೇಕು?’ ಎಂದು. ಇದಕ್ಕಿಂತ ಮುಂಚೆ ತಿಳಿಯಬೇಕಾದ ಸಂಗತಿಗಳು ಎರಡಿವೆ. ಹೊಂಡದಲ್ಲಿರುವ ಮೀನಿನ ಜಾತಿ ಯಾವುದು? ನೀರಿನ ಬಣ್ಣ ಹೇಗಿದೆ? ಇವೆರಡನ್ನೂ ನೋಡದೆ ಹಾಕಿದ ಹಿಂಡಿ ಮೀನಿನ ಹೊಟ್ಟೆ ಸೇರುವ ಬದಲು ತಳದಲ್ಲಿ ಕೊಳೆಯುತ್ತದೆ.

ಗೆಂಡೆ ಜಾತಿಯ ಮೀನುಗಳೆಲ್ಲ ಒಂದೇ ಆಹಾರ ತಿನ್ನುವುದಿಲ್ಲ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿದ್ದು ತೇಲುವ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುತ್ತದೆ. ರೋಹು ಮಧ್ಯದ ನೀರಿನದು. ಮೃಗಾಲ್ ತಳದ ಕೊಳೆತ ಪದಾರ್ಥವನ್ನು ಆಶ್ರಯಿಸುತ್ತದೆ. ಸಾಮಾನ್ಯ ಗೆಂಡೆ ತಳವನ್ನು ಕೆದಕಿ ಹುಳುಹುಪ್ಪಟೆ ಹುಡುಕುತ್ತದೆ. 1959ರಲ್ಲಿ ನಮ್ಮ ದೇಶಕ್ಕೆ ಬಂದ ಬೆಳ್ಳಿ ಗೆಂಡೆ ನೀರಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ಅದೇ ವರ್ಷ ಬಂದ ಹುಲ್ಲು ಗೆಂಡೆಗೆ ಬೇಕಾದುದು ಸೊಪ್ಪು.

ಹೀಗಾಗಿ ಹೊಂಡದ ಮೊದಲ ಆಹಾರ ನೀರಿನಲ್ಲಿಯೇ ಬೆಳೆಯುವ ಹಸಿರು. ಬೇಸಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇದು ಬಿಸಿಲು ಮತ್ತು ಗೊಬ್ಬರದಿಂದ ಬರುವ ಬೆಳೆ. 10 ಗುಂಟೆ ಹೊಂಡಕ್ಕೆ ವರ್ಷಕ್ಕೆ ಸುಮಾರು ಒಂದು ಟನ್ ಸಗಣಿ ಸಾಕು. ಐದರಲ್ಲೊಂದು ಪಾಲನ್ನು ಮರಿ ಬಿಡುವ ಎರಡು ವಾರ ಮೊದಲೇ ಹಾಕಿ, ಉಳಿದುದನ್ನು ತಿಂಗಳ ಕಂತುಗಳಲ್ಲಿ ಕೊಡಬೇಕು. ಪರೀಕ್ಷೆ ಸುಲಭ. ಕೆಸರಿಲ್ಲದ ನೀರಿನಲ್ಲಿ ಕೈಯನ್ನು ನೇರವಾಗಿ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಹಸಿರು ಹದವಾಗಿದೆ. ಅದಕ್ಕೂ ಬಹಳ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ; ಮೊಣಕೈ ಮುಳುಗಿದ ಮೇಲೂ ಅಂಗೈ ಸ್ಪಷ್ಟವಾಗಿ ಕಂಡರೆ ಇನ್ನೊಂದು ಕಂತು ಹಾಕಿ.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳ ವಿಚಾರ ಬೇರೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಇಂತಹ ಹೊಂಡಗಳು ನಮ್ಮ ಒಣಭೂಮಿಯಲ್ಲಿ ಹೆಚ್ಚಾದವು. ಹಾಳೆಯ ಮೇಲೆ ಮಣ್ಣಿಲ್ಲದ ಕಾರಣ ತಳದ ಹುಳುಗಳು ಕಡಿಮೆ. ಇಲ್ಲಿ ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯನ್ನು ಕಡಿಮೆ ಬಿಟ್ಟು ಕಾಟ್ಲಾ, ರೋಹುಗಳಿಗೆ ಆದ್ಯತೆ ಕೊಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಪೂರಕ ಆಹಾರವಾಗಿ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿ ಕೊಡುವುದು ಬಹುಕಾಲದಿಂದ ಬಂದ ಪದ್ಧತಿ. ಹಿಂಡಿ ಸಸಾರಜನಕವನ್ನೂ ತೌಡು ಮುಖ್ಯವಾಗಿ ಶಕ್ತಿಯನ್ನೂ ಒದಗಿಸುತ್ತವೆ. ಮೊದಲ ತಿಂಗಳುಗಳಲ್ಲಿ ಮೀನಿನ ಒಟ್ಟು ತೂಕದ ಶೇಕಡಾ 3ರಿಂದ 5ರಷ್ಟು ಕೊಟ್ಟು, ಮೀನು ಬೆಳೆದಂತೆ ಶೇಕಡಾ 1ರಿಂದ 2ಕ್ಕೆ ಇಳಿಸಬೇಕು. ಉದಾಹರಣೆಗೆ, ಹೊಂಡದಲ್ಲಿ 500 ಮೀನುಗಳಿವೆ ಎನ್ನಿ. ಬೀಸುಬಲೆಯಿಂದ ಇಪ್ಪತ್ತು ಮೀನು ಹಿಡಿದು ತೂಗಿದಾಗ ಸರಾಸರಿ 100 ಗ್ರಾಂ ಬಂದರೆ ಒಟ್ಟು ತೂಕ 50 ಕಿಲೋ. ಶೇಕಡಾ 3ರಂತೆ ದಿನಕ್ಕೆ ಒಂದೂವರೆ ಕಿಲೋ, ಅಂದರೆ ತೌಡು 750 ಗ್ರಾಂ, ಹಿಂಡಿ 750 ಗ್ರಾಂ. ತಿಂಗಳಿಗೊಮ್ಮೆ ತೂಗಿ ಲೆಕ್ಕ ತಿದ್ದಬೇಕು. ಈ ತೂಗುವ ಕೆಲಸವನ್ನೇ ಬಹಳ ಮಂದಿ ಬಿಡುತ್ತಾರೆ.

ಗೆಂಡೆ ಮೀನಿಗೆ ಜಠರವಿಲ್ಲ; ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಆದ್ದರಿಂದ ಒಮ್ಮೆಗೆ ಸುರಿಯದೆ ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ. ಹಿಂಡಿಯನ್ನು ರಾತ್ರಿ ನೆನೆಸಿ, ತೌಡು ಕಲಸಿ ಉಂಡೆ ಕಟ್ಟಿ, ಬಿದಿರಿನ ತಟ್ಟೆಯಲ್ಲಿಟ್ಟು ನೀರಿಗಿಳಿಸಿ. ಎರಡು ಗಂಟೆಯ ನಂತರ ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ ಮಾಡಿ.

ಹುಲ್ಲು ಗೆಂಡೆ ದಿನಕ್ಕೆ ತನ್ನ ತೂಕದಷ್ಟು ಹಸಿರು ತಿನ್ನಬಲ್ಲದು. ಹೈಡ್ರಿಲ್ಲಾ, ಎಳೆಯ ನೇಪಿಯರ್, ಕುದುರೆಮಸಾಲೆ ಸೊಪ್ಪನ್ನು ಕತ್ತರಿಸಿ ಬಿದಿರಿನ ಚೌಕಟ್ಟಿನೊಳಗೆ ತೇಲಿಬಿಡಬಹುದು. ಬಲಿತ ಕಡ್ಡಿ ಬೇಡ. ನೀಲಿ ಹೂವಿನ ಅಂತರಗಂಗೆಯನ್ನು ಅದು ಮುಟ್ಟುವುದು ಅಪರೂಪ. ಆ ಕಳೆಯನ್ನು ನಾವೇ ಕೀಳಬೇಕು!

ಎಲ್ಲ ಹಿಂಡಿಯೂ ಮೀನಿಗೆ ಆಗದು. ಹಿಪ್ಪೆ ಹಿಂಡಿಯಲ್ಲಿರುವ ಸಪೋನಿನ್ ಮೀನಿಗೆ ವಿಷ. ಬೇಡದ ಮೀನುಗಳನ್ನು ಕೊಲ್ಲಲು ಮರಿ ಬಿಡುವ ಮುಂಚೆ ಅದನ್ನು ಬಳಸುತ್ತಾರೆ. ಹರಳು ಹಿಂಡಿ, ಹೊಂಗೆ ಹಿಂಡಿಗಳನ್ನು ಹೊಲಕ್ಕೆ ಹಾಕಿ, ಹೊಂಡಕ್ಕೆ ಬೇಡ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬಾರದು. ಅದರ ಅಫ್ಲಾಟಾಕ್ಸಿನ್ ಮೀನಿನ ಯಕೃತ್ತನ್ನು ಕೆಡಿಸುತ್ತದೆ. ದನಕ್ಕೆ ಹಾಕಲು ಹಿಂಜರಿಯುವ ಹಿಂಡಿಯನ್ನು ಮೀನಿಗೂ ಹಾಕಬೇಡಿ.

ಅತಿ ಆಹಾರದ ಅಪಾಯ ಬೆಳಗಿನ ಜಾವ ಕಾಣುತ್ತದೆ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೇ ಅದನ್ನು ಬಳಸುತ್ತದೆ. ಕೊಳೆಯುವ ಹಿಂಡಿಯೂ ಹೀರುತ್ತದೆ. ಸೂರ್ಯೋದಯದ ಹೊತ್ತಿಗೆ ಆಮ್ಲಜನಕ ತೀರ ಕಡಿಮೆಯಾಗಿ, ವರ್ಷದ ಬೆಳೆ ಒಂದೇ ರಾತ್ರಿಯಲ್ಲಿ ಸಾಯಬಹುದು. ಮೋಡ ಕವಿದ ದಿನಗಳಲ್ಲಿ ಆಹಾರವನ್ನು ಅರ್ಧಕ್ಕೆ ಇಳಿಸಿ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅಂದು ಆಹಾರ, ಗೊಬ್ಬರ ಎರಡನ್ನೂ ನಿಲ್ಲಿಸಿ, ಪಂಪಿನ ನೀರನ್ನು ಎತ್ತರದಿಂದ ತುಂತುರಾಗಿ ಬೀಳಿಸಿ. ಮೀನುಗಳು ಕೆಳಗಿಳಿದ ಎರಡು ದಿನಗಳ ಮೇಲೆ ಅರ್ಧ ಪ್ರಮಾಣದಿಂದ ಮತ್ತೆ ಆರಂಭಿಸಬಹುದು.