ಹರಾಜಿನಲ್ಲಿ ಕಾರ್ಡು ಅಗ್ಗ, ಶಿಪ್ಪಿಂಗ್ ದುಬಾರಿ

ಒಂದು ಕಾಲಕ್ಕೆ ಮೈಸೂರು, ಬೆಂಗಳೂರಿನಲ್ಲಿದ್ದ ಬ್ರಿಟಿಷರು ಊರಿಗೆ ಕಳಿಸಿದ ಚಿತ್ರ ಪೋಸ್ಟ್‌ಕಾರ್ಡುಗಳು ಈಗ ಇಬೇ ಹರಾಜಿಗೆ ಬರುತ್ತವೆ. ಮದರಾಸಿನ ವೀಲೆ ಅಂಡ್ ಕ್ಲೈನ್ ಸ್ಟುಡಿಯೋದವರ ಕಾರ್ಡುಗಳೂ ಅದರಲ್ಲಿರುತ್ತವೆ. ಇಂಗ್ಲೆಂಡಿನಿಂದ ಅವನ್ನು ತರಿಸುತ್ತಾ ನಾನು ಕಲಿತದ್ದು ಇಷ್ಟು.

1. ಮೊದಲು ಶಿಪ್ಪಿಂಗ್ ನೋಡಿ, ಆಮೇಲೆ ಬಿಡ್ ಮಾಡಿ. 99 ಪೆನ್ಸಿಗೆ ಶುರುವಾದ ಕಾರ್ಡಿಗೆ 12 ಪೌಂಡ್ ಶಿಪ್ಪಿಂಗ್ ಇದ್ದರೆ ಅದು 13 ಪೌಂಡಿನ ಕಾರ್ಡೇ. ಒಟ್ಟು 20 ಪೌಂಡ್ ಕೊಡಬಹುದೆನ್ನಿಸಿದರೆ ನಿಮ್ಮ ಗರಿಷ್ಠ ಬಿಡ್ 8 ಪೌಂಡ್. ಸೈಟು ಈ ಕಳೆಯುವ ಲೆಕ್ಕ ಮಾಡಿಕೊಡುವುದಿಲ್ಲ.

2. ಬೆಲೆ ಕಡಿಮೆ ತೋರಿಸಿ ಶಿಪ್ಪಿಂಗ್ ಏರಿಸುವ ಈ ಚಾಳಿಗೆ ಕಾರಣವಿದೆ. ಮೊದಲೆಲ್ಲ ಇಬೇ ಕಮಿಷನ್ ಹಿಡಿಯುತ್ತಿದ್ದದ್ದು ವಸ್ತುವಿನ ಬೆಲೆಯ ಮೇಲೆ ಮಾತ್ರ. ಬೆಲೆ ಇಳಿಸಿ ಶಿಪ್ಪಿಂಗ್ ಏರಿಸಿದವರಿಗೆ ಅಷ್ಟೂ ಉಳಿಯುತ್ತಿತ್ತು. 2011ರಲ್ಲಿ ಅಮೆರಿಕದಲ್ಲಿ ಶಿಪ್ಪಿಂಗ್ ಮೇಲೂ ಕಮಿಷನ್ ಬಂತು. ಆದರೂ ಕಡಿಮೆ ಬೆಲೆಯ ಆಮಿಷ ತೋರಿಸುವುದು ನಿಂತಿಲ್ಲ.

3. ನ್ಯಾಯವಾದ ದರ ಎಷ್ಟೆಂದು ನೀವೇ ಲೆಕ್ಕ ಹಾಕಿ. ಕಾರ್ಡು ಕೆಲವೇ ಗ್ರಾಂ. ಎರಡು ರಟ್ಟು, ಲಕೋಟೆ ಸೇರಿದರೂ 100 ಗ್ರಾಂ ದಾಟುವುದಿಲ್ಲ. ರಾಯಲ್ ಮೇಲ್ ದರಪಟ್ಟಿ ಎಲ್ಲರಿಗೂ ಸಿಗುತ್ತದೆ. ಪ್ಯಾಕಿಂಗಿಗೆ, ಅಂಚೆ ಕಚೇರಿಗೆ ಹೋಗಿ ಬರುವ ಶ್ರಮಕ್ಕೆ ಒಂದಿಷ್ಟು ಸೇರಿಸುವುದು ತಪ್ಪಲ್ಲ. ಟ್ರ್ಯಾಕಿಂಗ್ ಇದ್ದರೆ ದರ ನಿಜಕ್ಕೂ ಹೆಚ್ಚು, ಅದನ್ನು ಮೋಸವೆನ್ನಬಾರದು. ಆದರೆ ಟ್ರ್ಯಾಕಿಂಗಿಗೆಂದು 12 ಪೌಂಡ್ ತೆಗೆದುಕೊಂಡ ಒಬ್ಬರು ಕಳಿಸಿದ್ದು ಸಾದಾ ಲಕೋಟೆ. ಮೇಲೆ ಮೂರು ಪೌಂಡಿಗೂ ಕಡಿಮೆಯ ಅಂಚೆಚೀಟಿ, ಬಾರ್‌ಕೋಡ್ ಇಲ್ಲ. ಲಕೋಟೆಯ ಫೋಟೋ ಕಳಿಸಿದೆ. ವ್ಯತ್ಯಾಸದ ಹಣ ವಾಪಸ್ ಬಂತು. ಹಾಗಾಗಿ ಲಕೋಟೆಯನ್ನು ಎಸೆಯಬೇಡಿ.

4. ಕೇಳುವುದಿದ್ದರೆ ಬಿಡ್‌ಗೆ ಮುಂಚೆಯೇ ಕೇಳಿ. ತೋರಿಸಿದ ದರಕ್ಕೆ ಬಿಡ್ ಮಾಡಿ ಗೆದ್ದಮೇಲೆ ಜಾಸ್ತಿಯಾಯಿತೆಂದರೆ ನಿಮ್ಮ ಮಾತಿಗೆ ಬಲವಿಲ್ಲ. “ಸಾದಾ ಏರ್‌ಮೇಲ್‌ನಲ್ಲಿ ಕಳಿಸಿದರೆ ಎಷ್ಟಾಗುತ್ತದೆ?” ಎಂದು ವಿನಯದಿಂದ ವಿಚಾರಿಸಿದರೆ ಹಲವರು ಇಳಿಸುತ್ತಾರೆ. ಒಬ್ಬರಿಂದಲೇ ನಾಲ್ಕು ಕಾರ್ಡು ಗೆದ್ದರೆ ಹಣ ಕಟ್ಟುವ ಮೊದಲು ಒಂದೇ ಬಿಲ್ ಕೇಳಿ ಪಡೆಯಿರಿ.

5. ಕಸ್ಟಮ್ಸ್ ಸುಂಕ ಬಿದ್ದರೆ ಚೀಟಿ ಓದಿ. ವಸ್ತುವಿನ ಬೆಲೆಗೆ ಸಾಗಣೆ, ವಿಮೆ ಸೇರಿಸಿ ಸುಂಕ ಹಾಕುತ್ತಾರೆ. ಆದರೆ ವಿಮಾನದಲ್ಲಿ ಬಂದ ಸರಕಿಗೆ ಸಾಗಣೆಯ ಪಾಲನ್ನು ಬೆಲೆಯ ಶೇ. 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಅಗ್ಗದ ಕಾರ್ಡಿಗೆ ಭಾರೀ ಶಿಪ್ಪಿಂಗ್ ಕೊಟ್ಟವರಿಗೆ ಈ ನಿಯಮ ತುಂಬ ಮುಖ್ಯ.

6. “ಸೈಟಿನ ಹೊರಗೆ ಹಣ ಹಾಕಿ, ಶಿಪ್ಪಿಂಗ್ ಬಿಡುತ್ತೇನೆ” ಎಂದವರಿಗೆ ಒಪ್ಪಬೇಡಿ. ವರ್ಣನೆಗೆ ಹೊಂದದ ಕಾರ್ಡು ಬಂದರೆ ಇಬೇ ಖಾತರಿಯಲ್ಲಿ ಶಿಪ್ಪಿಂಗ್ ಸಮೇತ ಹಣ ಸಿಗುತ್ತದೆ. ಹೊರಗೆ ಕೊಟ್ಟ ಹಣಕ್ಕೆ ಆ ಖಾತರಿ ಇಲ್ಲ.