ಹರಡಿನ ಕೀಲು ಬದಲಿಸಲು ಹೊರಟ ಕಿರಿಯ ವೈದ್ಯನಿಗೆ

ಮೊಣಕಾಲು, ಸೊಂಟದ ಕೀಲು ಬದಲಿಸಿ ನಿನ್ನ ಕೈ ಪಳಗಿದೆ. ಈಗ ಆಂಕಲ್ ರಿಪ್ಲೇಸ್‌ಮೆಂಟ್ ಕಲಿಯಲು ಹೊರಟಿದ್ದೀಯ, ಸಂತೋಷ. ಆದರೆ ತಮ್ಮಾ, ಹರಡು ಸಣ್ಣ ಗಾತ್ರದ ಮೊಣಕಾಲಲ್ಲ. ಮುಂದಿನ ಚರ್ಮ ತೆಳು, ಕೆಳಗಿನ ಟೇಲಸ್ ಮೂಳೆ ಚಿಕ್ಕದು, ಅದಕ್ಕೆ ರಕ್ತ ಹರಿಯುವ ದಾರಿಗಳೂ ಕಡಿಮೆ. 1970ರ ದಶಕದಲ್ಲಿ ಸಿಮೆಂಟ್ ಹಾಕಿ ಕೂರಿಸಿದ ಕೀಲುಗಳು ಬೇಗ ಸಡಿಲಗೊಂಡು, ಬಹಳ ವೈದ್ಯರು ಕೀಲನ್ನು ಬೆಸೆದುಬಿಡುವ ಫ್ಯೂಷನ್ನಿಗೇ ಮರಳಿದ್ದರು.

ಮೊದಲು ರೋಗಿಯನ್ನು ನೋಡಿ ಆರಿಸು. ಹರಡಿನ ನೋವಿಗೆ ಈ ಶಸ್ತ್ರಕ್ರಿಯೆ ಕೇಳಿ ಬರುವವರಲ್ಲಿ ಹೆಚ್ಚಿನವರದು ಹಳೆಯ ಪೆಟ್ಟಿನಿಂದ ಸವೆದ ಕೀಲು. ನಿಲ್ಲಿಸಿ ಎಕ್ಸ್‌ರೇ ತೆಗೆಸು. ಮಲಗಿದಾಗ ಕಾಣದ ವಕ್ರತೆ ಆಗ ಕಾಣುತ್ತದೆ. ಸೋಂಕಿದ್ದರೆ, ಪಾದಕ್ಕೆ ಸ್ಪರ್ಶಜ್ಞಾನವೇ ಇಲ್ಲದಿದ್ದರೆ, ಟೇಲಸ್ ಬಹುಪಾಲು ಸತ್ತಿದ್ದರೆ ಈ ಕೀಲು ಬೇಡ. ಬೀಡಿ-ಸಿಗರೇಟು ಬಿಡಿಸು, ಸಕ್ಕರೆ ಕಾಯಿಲೆ ಹತೋಟಿಗೆ ತಾ. ಕುಕ್ಕರಗಾಲಲ್ಲಿ ಕೂರುವ, ಓಡುವ ಆಸೆ ಇಟ್ಟುಕೊಳ್ಳಬಾರದೆಂದು ಮೊದಲೇ ಬಿಡಿಸಿ ಹೇಳು.

ಮುಂಭಾಗದಿಂದ ಒಳಹೋಗುವಾಗ ಟಿಬಿಯಾಲಿಸ್ ಆಂಟೀರಿಯರ್ ಮತ್ತು ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜುವಿನ ನಡುವೆ ದಾರಿ ಮಾಡು. ಟಿಬಿಯಾಲಿಸ್‌ನ ಹೊದಿಕೆಯನ್ನು ಬಿಚ್ಚಬೇಡ. ಬಿಚ್ಚಿದರೆ, ಗಾಯ ಬಾಯಿಬಿಟ್ಟಾಗ ಆ ರಜ್ಜು ಬಯಲಿಗೆ ಬರುತ್ತದೆ. ರಕ್ತನಾಳ ಮತ್ತು ನರವನ್ನು ಒಟ್ಟಿಗೇ ಹೊರಬದಿಗೆ ಸರಿಸು. ಚರ್ಮದ ಮೇಲಿನ ನರದ ಕವಲನ್ನೂ ಕಾಪಾಡು. ಚರ್ಮವನ್ನು ಪದರ ಪದರವಾಗಿ ಬಿಡಿಸದೆ ಪೂರ್ತಿ ದಪ್ಪದಲ್ಲೇ ಎತ್ತು. ರಿಟ್ರಾಕ್ಟರ್ ಆಳದಲ್ಲಿರಲಿ, ಚರ್ಮದ ಅಂಚನ್ನು ಎಳೆಯದಿರಲಿ.

ಟಿಬಿಯಾ ಕೊಯ್ಯುವ ಗೆರೆ ಅದರ ಅಕ್ಷಕ್ಕೆ ಲಂಬವಾಗಿದೆಯೇ ಎಂದು ಸಿ-ಆರ್ಮ್‌ನಲ್ಲಿ ನೋಡದೆ ಗರಗಸ ಹಿಡಿಯಬೇಡ. ಒಳಗಣಿಕೆಯ ಮೂಳೆ (ಮೀಡಿಯಲ್ ಮ್ಯಾಲಿಯೋಲಸ್) ಬಿರುಕು ಬಿಡಬಹುದೆನಿಸಿದರೆ ಮೊದಲೇ ಪಿನ್ ಹಾಕಿ ಕಾಪಾಡು. ಗರಗಸ ಹಿಂದಕ್ಕೆ ಹೆಚ್ಚು ನುಗ್ಗಿದರೆ ಒಳಗಣಿಕೆಯ ಹಿಂದಿನ ರಕ್ತನಾಳ, ನರಕ್ಕೆ ಪೆಟ್ಟು. ಟೇಲಸ್‌ನಿಂದ ಆದಷ್ಟು ಕಡಿಮೆ ತೆಗೆ. ಒಳಬದಿಯ ಡೆಲ್ಟಾಯ್ಡ್ ಲಿಗಮೆಂಟ್ ಬಿಗಿಯಾಗಿದ್ದರೆ ಸಡಿಲಿಸು, ಹೊರಗಿನ ಲಿಗಮೆಂಟ್ ಸಡಿಲವಿದ್ದರೆ ಬಿಗಿಮಾಡು, ಹಿಮ್ಮಡಿ ವಾಲಿದ್ದರೆ ಅದನ್ನೂ ನೆಟ್ಟಗೆ ಮಾಡು. ಪಾದ ಮೇಲಕ್ಕೆ ಬಾಗದಿದ್ದರೆ ಮೀನಖಂಡದ ಸ್ನಾಯು ಅಥವಾ ಅಕಿಲಿಸ್ ರಜ್ಜುವಿನ ಬಿಗಿತವನ್ನು ಬಿಡಿಸು. ವಕ್ರ ಕಾಲಿನ ಮೇಲೆ ಎಷ್ಟೇ ಒಳ್ಳೆಯ ಕೀಲು ಕೂರಿಸಿದರೂ ನಡುವಿನ ಪಾಲಿಎಥಿಲೀನ್ ಒಂದೇ ಅಂಚಿನಲ್ಲಿ ಸವೆಯುತ್ತದೆ.

ಹೊಲಿಗೆಗೆ ಆತುರ ಬೇಡ. ರಜ್ಜುಗಳ ಮೇಲಿನ ರೆಟಿನಾಕುಲಮ್ಮನ್ನು ಮೊದಲು ಮುಚ್ಚು. ಗಾಯ ಒಣಗುವವರೆಗೆ ಕಾಲು ಎತ್ತರದಲ್ಲಿರಲಿ, ವ್ಯಾಯಾಮ ಕಾಯಲಿ.

ಬ್ರಿಟನ್ನಿನಲ್ಲಿ 303 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಲು ಬದಲಿಸಿಕೊಂಡವರೂ ಫ್ಯೂಷನ್ ಮಾಡಿಸಿಕೊಂಡವರೂ ಸುಧಾರಿಸಿದರು. ಗಾಯ ಮಾಯದ ತೊಂದರೆ ಮಾತ್ರ ಕೀಲು ಬದಲಿಸಿದವರಲ್ಲೇ ಹೆಚ್ಚು. ಹಾಗಾಗಿ ಫ್ಯೂಷನ್ ಸೋಲಲ್ಲ. ಅನುಭವಿಗಳ ಜೊತೆ ನಿಂತು ಕಲಿ. ಯಾರಿಗೆ ಕೀಲು ಬೇಡವೋ ಅವರಿಗೆ ಬೇಡವೆಂದು ಹೇಳುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿ.